ಬಟ್ಟಲಿಗೆ ಬಳಿದ ಕಪ್ಪು

ಉಷಾರಾಣಿ ಪಿಕಪ್ಪಿನ ಹೆಡ್‌ಲೈಟುಗಳ ಒಳಗೆ ಕಪ್ಪು ಬಣ್ಣ ಬಳಿದದ್ದು ನವೆಂಬರಿನ ಒಂದು ಭಾನುವಾರ. ಗಂಡ ಸಣ್ಣಸ್ವಾಮಿ ಚಿಕ್ಕಪ್ಪನ ತಿಥಿಗೆಂದು ಅರಕಲಗೂಡಿಗೆ ಹೋಗಿ ಎರಡು ದಿನವಾಗಿತ್ತು. ತಮ್ಮ ಧರ್ಮೇಶ್ ಎರಡೂ ಲೈಟುಗಳನ್ನು ಗಾಡಿಯಿಂದ ಬಿಚ್ಚಿ ತಂದು, ಹಿತ್ತಿಲ ಒಗೆಯುವ ಕಲ್ಲಿನ ಮೇಲಿಟ್ಟು, ಅಂಚಿಗೆ ಕುದಿಯುವ ನೀರು ಸುರಿದು ಗೋಂದು ಮೆತ್ತಗಾದ ಮೇಲೆ ಸ್ಕ್ರೂಡ್ರೈವರಿನಿಂದ ಮೀಟಿ ಗಾಜು ತೆಗೆದಿದ್ದ. ಒಳಗೆಲ್ಲ ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಈ ಹೊಳಪೆಲ್ಲ ಕಪ್ಪಾಗ್ಬೇಕು ಕಣಕ್ಕಾ. ನನ್ ಕೈ ನಡುಗ್ತದೆ. ನೀನು ರವಿಕೆ ಕೆಲಸ ಮಾಡ್ದಂಗೆ ನೀಟಾಗಿ ಬಳಿದ್ಬುಡು," ಎಂದು ಸಣ್ಣ ಬ್ರಷ್ಷನ್ನೂ ಬಣ್ಣದ ಡಬ್ಬಿಯನ್ನೂ ಅವಳ ಮುಂದಿಟ್ಟ.

ಉಷಾರಾಣಿ ಮದುವೆ ರವಿಕೆಗಳಿಗೆ ಕಸೂತಿ ಹಾಕುವವಳು. ಕೂದಲೆಳೆಯಷ್ಟು ಗೆರೆಯೂ ಅವಳ ಕೈಯಲ್ಲಿ ಅಲುಗುತ್ತಿರಲಿಲ್ಲ. ಅರ್ಧ ದಿನ ಕೂತು ಮೂಲೆ ಮುಡುಕು ಬಿಡದೆ ಬಳಿದಳು. ಒಣಗಿದ ಮೇಲೆ ಇನ್ನೊಂದು ಸಲ ಬಳಿದಳು. ಬಲ್ಬು ಕೂರುವ ಗುಂಡನೆಯ ಬಟ್ಟಲಿಗೂ ಅಷ್ಟೇ ಆಸ್ಥೆಯಿಂದ ಕಪ್ಪು ಹಚ್ಚಿದಳು.

ಹೆಡ್‌ಲೈಟಿನ ಒಳಗೆ ಕಪ್ಪು ಬಳಿಯುವುದು ಚಂದಕ್ಕೆ. ಅದನ್ನು ಬಟ್ಟಲಿನ ಸುತ್ತಲಿರುವ ಚೌಕಟ್ಟಿಗೆ ಮಾತ್ರ ಬಳಿಯಬೇಕು. ಬಟ್ಟಲನ್ನು ಮುಟ್ಟಬಾರದು, ಬಲ್ಬಿನ ಬೆಳಕನ್ನು ರಸ್ತೆಗೆ ಎಸೆಯುವುದು ಅದೇ. ಇದು ಉಷಾರಾಣಿಗೆ ಗೊತ್ತಿರಲಿಲ್ಲ. ಗಾಜು ಅಂಟಿಸಿದ ಮೇಲೆ ಧರ್ಮೇಶ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಫುಲ್ ಬ್ಲ್ಯಾಕ್ ಆಯ್ತು ಎಂದು ಖುಷಿಪಟ್ಟ. ಅವನ ಖುಷಿ ನೋಡಿ ಇವಳಿಗೂ ಖುಷಿಯಾಯಿತು.

ತಾಯಿ ಸತ್ತಾಗ ಧರ್ಮೇಶನಿಗೆ ಆರು ವರ್ಷ. ಅಕ್ಕ ಮದುವೆಯಾಗಿ ಕೂಡಿಗೆಯ ಪಕ್ಕದ ಈ ಊರಿಗೆ ಬಂದಾಗ ಅವಳ ಟ್ರಂಕಿನ ಜೊತೆಗೇ ಬಂದವನು. ಈಗ ಇಪ್ಪತ್ತೇಳು. ಉಷಾರಾಣಿಗೆ ಬೇರೆ ಮಕ್ಕಳಾಗಲಿಲ್ಲ. ಸಣ್ಣಸ್ವಾಮಿಗೆ ಸಿಟ್ಟು ಬೇಗ. ಆದರೂ ಇಪ್ಪತ್ತೊಂದು ವರ್ಷದಲ್ಲಿ ಅವನು ಹೆಂಡತಿಗೆ ಕೈಯೆತ್ತಿದ್ದು ಎರಡೇ ಸಲ, ಎರಡೂ ಸಲ ಧರ್ಮೇಶನ ತಪ್ಪನ್ನು ಅವಳು ಮುಚ್ಚಿಟ್ಟದ್ದಕ್ಕೆ. ಇದ್ದ ಒಂದು ಪಿಕಪ್ಪಿನಲ್ಲಿ ಕೂಲಿಯವರನ್ನು ಕಾಫಿ ಪಿಕಿಂಗ್‌ಗೆ ಎಸ್ಟೇಟುಗಳಿಗೆ ಕರೆದೊಯ್ಯುವುದು ಸಣ್ಣಸ್ವಾಮಿಯ ಕೆಲಸ.

ಸ್ಟ್ಯಾಂಡಿನಲ್ಲಿ ಎಲ್ಲರ ಗಾಡಿಗೂ ಕಪ್ಪು ಲೈಟು ಬಂದಿದೆ, ನಮ್ಮದು ಮಾತ್ರ ಮುದುಕನ ಗಾಡಿಯ ಹಾಗಿದೆ ಎಂದು ಧರ್ಮೇಶ್ ತಿಂಗಳುಗಟ್ಟಲೆ ಪೀಡಿಸಿದ್ದ. ಸಣ್ಣಸ್ವಾಮಿ ಕೊನೆಗೆ ಒಪ್ಪಿಕೊಂಡಿದ್ದ. ಆದರೆ ಕೆಲಸ ಶನಿವಾರಸಂತೆಯ ರೇಣುಕಪ್ರಸಾದನೇ ಮಾಡಬೇಕು, ನೀನು ಕೈ ಹಾಕಕೂಡದು ಎಂದಿದ್ದ. ಲೈಟು ಬಿಚ್ಚಿ ಕಪ್ಪು ಮಾಡುವುದರಲ್ಲಿ ರೇಣುಕಪ್ರಸಾದ್ ಆ ಕಡೆಗೆಲ್ಲ ಹೆಸರಾದವನು. ಧರ್ಮೇಶ್ ಅಲ್ಲಿಗೆ ಹೋದಾಗ ಮುಂದೆ ಬಹಳ ಗಾಡಿಗಳಿದ್ದವು, ಎಂಟು ದಿನ ಕಾಯಬೇಕಿತ್ತು. ಅವನು ಕಾಯದೆ ಗಾಜು ಅಂಟಿಸುವ ಗೋಂದಿನ ಸುರುಳಿ ತೆಗೆದುಕೊಂಡು ವಾಪಸು ಬಂದಿದ್ದ. ರೇಣುಕಪ್ರಸಾದನೇ ಮಾಡಿದ್ದು ಎಂದು ಭಾವನಿಗೆ ಹೇಳುತ್ತೇನೆ, ನೀನು ಬಾಯಿ ಬಿಡಬೇಡ ಎಂದ. ಅವನಿಗಾಗಿ ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ಹೇಳಿದ್ದ ಉಷಾರಾಣಿ ಇದಕ್ಕೂ ತಲೆಯಾಡಿಸಿದಳು.

ಊರಿಗೆ ಬಂದ ಸಣ್ಣಸ್ವಾಮಿ ಒಂದೆರಡು ಸಲ ಬೆಳಕು ಸಾಲದು ಎಂದ. ಧರ್ಮೇಶ್ ಹೆಚ್ಚು ವಾಟಿನ ಬಲ್ಬು ಹಾಕಿ, ಹೊಸ ಬಣ್ಣ, ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ ಎಂದು ರೇಣುಕಪ್ರಸಾದ್ ಹೇಳಿದ್ದಾಗಿ ಹೇಳಿದ. ಗಾಡಿ ಓಡುವುದು ಹಗಲು ಹೊತ್ತು. ಸಣ್ಣಸ್ವಾಮಿ ಅಷ್ಟಕ್ಕೇ ಬಿಟ್ಟ.

ಜನವರಿ ಎರಡನೇ ವಾರ, ಬೆಳಗಿನ ಏಳು ಗಂಟೆಗೆ, ಮಾದಾಪುರದ ಆಚೆಯ ಎಸ್ಟೇಟ್ ರಸ್ತೆಯಲ್ಲಿ ಮಂಜು ದಟ್ಟವಾಗಿ ಕೂತಿತ್ತು. ಹಿಂದೆ ಹನ್ನೊಂದು ಜನ ಕೂಲಿಯವರಿದ್ದರು. ಸಣ್ಣಸ್ವಾಮಿ ಲೈಟು ಹಾಕಿ, ಹಾರನ್ ಹೊಡೆಯುತ್ತ ನಿಧಾನಕ್ಕೇ ತಿರುವಿಗೆ ಬಂದ. ಅವನಿಗೆ ಮುಂದಿನ ಮೂರು ಮಾರು ಕೂಡ ಕಾಣುತ್ತಿರಲಿಲ್ಲ. ಎದುರಿನಿಂದ ಪಿಕಿಂಗ್ ಚೀಲ ತಲೆಗೆ ಹೊದ್ದು ನಡೆದು ಬರುತ್ತಿದ್ದ ಹೆಂಗಸರಿಗೂ ಲೈಟು ಕಾಣಲಿಲ್ಲ. ಹಾರನ್ ಕೇಳಿ ಎರಡು ಜನ ಚರಂಡಿಗೆ ಹಾರಿದರು. ಮೂರನೆಯವಳು ಸುಮಿತ್ರಮ್ಮ. ಬಂಪರು ಅವಳ ಸೊಂಟಕ್ಕೆ ಬಡಿಯಿತು, ತಲೆ ಬಾನೆಟ್ಟಿಗೆ ಬಡಿಯಿತು, ಮುಂದಿನ ಎಡ ಚಕ್ರ ಎದೆಯ ಮೇಲೆ ಹತ್ತಿ ನಿಂತಿತು.

ಎಸ್ಟೇಟಿನ ಕೂಲಿಯವರ ಲೈನ್ ಮನೆಗಳು ಅಲ್ಲಿಂದ ಕೂಗಳತೆಯ ದೂರ. ಸುಮಿತ್ರಮ್ಮನ ಮಗ ಪುನೀತ್ ಮೊದಲು ಓಡಿ ಬಂದ, ಹಿಂದೆ ಹತ್ತು ಹದಿನೈದು ಜನ. ಎಲ್ಲರೂ ಸೇರಿ ಗಾಡಿಯನ್ನು ಹಿಂದಕ್ಕೆ ತಳ್ಳಿ ಅವಳನ್ನು ಎಳೆದುಕೊಳ್ಳುವಷ್ಟರಲ್ಲಿ ಉಸಿರು ನಿಂತಿತ್ತು. ಲೈಟಿಲ್ಲದೆ ಬಂದೆಯಾ ಎಂದು ಯಾರೋ ಕೇಳಿದರು. ಲೈಟು ಹಾಕಿದೀನಿ ನೋಡ್ರಪ್ಪ ಎಂದು ಸಣ್ಣಸ್ವಾಮಿ ಕೈ ತೋರಿಸಿದ. ಎಲ್ಲರೂ ನೋಡಿದರು. ಕಪ್ಪು ಗುಂಡಿಯೊಳಗೆ ಬೀಡಿ ತುದಿಯಷ್ಟು ಕೆಂಪು ಕಾಣುತ್ತಿತ್ತು.

ಪುನೀತ್ ಕಲ್ಲೆತ್ತಿ ಎರಡೂ ಲೈಟು ಪುಡಿ ಮಾಡಿದ. ಆಮೇಲೆ ಸಣ್ಣಸ್ವಾಮಿಯನ್ನು ಕಿಟಕಿಯಿಂದಲೇ ಹೊರಗೆಳೆದರು. ಕಾಫಿ ಗಿಡದ ದೊಣ್ಣೆಗಳಲ್ಲಿ ಹೊಡೆದರು, ಬಿದ್ದ ಮೇಲೆ ಒದ್ದರು. ಪುನೀತ್ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಲೇ ಇದ್ದ. ಹಲ್ಲಿಗೆ ತಾಗಿ ತನ್ನ ಕೈಯೇ ಹರಿದರೂ ನಿಲ್ಲಿಸಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ಬಿಡಿಸುವ ಹೊತ್ತಿಗೆ ಸಣ್ಣಸ್ವಾಮಿಯ ಮೂರು ಪಕ್ಕೆಲುಬು ಮುರಿದಿದ್ದವು, ಮುಂದಿನ ಹಲ್ಲುಗಳು ಹೋಗಿದ್ದವು, ಎಡ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ.

ಉಷಾರಾಣಿ ಆಸ್ಪತ್ರೆಯ ಹೊರಗೆ ತಮ್ಮನನ್ನು ಒಂದೇ ಒಂದು ಸಲ ಕೇಳಿದಳು. ನಾವು ಬಳಿದ ಬಣ್ಣದಿಂದ ಆಯಿತೇನೋ ಎಂದಳು. ಮಂಜಿನಲ್ಲಿ ಯಾವ ಲೈಟೂ ಕಾಣುವುದಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದ ಅವನು. ಅವಳು ನಂಬಿದಳು. ನಂಬದಿದ್ದರೆ ಮುಂದೇನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಸಣ್ಣಸ್ವಾಮಿ ಜಾಮೀನಿನ ಮೇಲೆ ಮನೆಗೆ ಬಂದ. ಹದಿನೈದು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಫೆಬ್ರವರಿ ಮೊದಲ ಶುಕ್ರವಾರ, ಗಾಡಿ ತಪಾಸಣೆಗೆಂದು ಸ್ಟೇಷನ್ನಿಗೆ ಕರೆಸಿದರು. ಬ್ರೇಕ್ ಇನ್‌ಸ್ಪೆಕ್ಟರು ಒಡೆದ ಲೈಟಿನೊಳಗೆ ಬೆರಳು ಹಾಕಿ ಸವರಿ, ಬೆರಳನ್ನು ಅವನ ಮುಖಕ್ಕೆ ಹಿಡಿದು, ಬಟ್ಟಲಿಗೆ ಕಪ್ಪು ಬಳಿದವನು ಯಾರು, ಅವನು ಕತ್ತಲಲ್ಲಿ ಕಣ್ಣು ಕಟ್ಟಿ ನಿನ್ನನ್ನು ರಸ್ತೆಗೆ ಬಿಟ್ಟಿದ್ದಾನೆ ಎಂದರು. ಸಣ್ಣಸ್ವಾಮಿ ಮನೆಗೆ ಬಂದು ಊಟ ಮಾಡಲಿಲ್ಲ, ಇದನ್ನು ಹೆಂಡತಿಗೆ ಹೇಳಲೂ ಇಲ್ಲ. ಮಾರನೆಯ ಬೆಳಿಗ್ಗೆ ಸ್ಟೇಷನ್ನಿಗೆ ಮತ್ತೆ ಹೋಗಬೇಕು ಎಂದು ಹೆಂಡತಿಗೆ ಹೇಳಿ, ವೀಲ್ ಸ್ಪಾನರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಧರ್ಮೇಶನ ಬೈಕಿನ ಹಿಂದೆ ಹತ್ತಿದ. ಗೇಟು ದಾಟಿದ ಮೇಲೆ ಶನಿವಾರಸಂತೆಗೆ ಹೊಡಿ ಎಂದ.

ಸೋಮವಾರಪೇಟೆ ಹಾದು ಒಂದೂವರೆ ಗಂಟೆಯ ದಾರಿ. ಪ್ರತಿ ಗುಂಡಿಗೂ ಸಣ್ಣಸ್ವಾಮಿ ಪಕ್ಕೆ ಹಿಡಿದುಕೊಂಡು ನರಳುತ್ತಿದ್ದ. ಎಲ್ಲಿಗೆ, ಯಾಕೆ ಎಂದು ಧರ್ಮೇಶನಿಗೆ ಗೊತ್ತಿತ್ತು. ಬೈಕು ನಿಲ್ಲಿಸಿ ಒಂದು ಮಾತು ಹೇಳಲು ಒಂದೂವರೆ ಗಂಟೆಯಿತ್ತು. ಅವನು ಹೇಳಲಿಲ್ಲ.

ಅಲ್ಲಿ ನಡೆದದ್ದನ್ನು ಉಷಾರಾಣಿ ಆಮೇಲೆ ಮೂರು ಜನರ ಬಾಯಲ್ಲಿ ಕೇಳಿದಳು, ಮೂವರೂ ಒಂದೇ ತರ ಹೇಳಿದರು. ಅಂದು ಸಂತೆ. ರೇಣುಕಪ್ರಸಾದ್ ಅಂಗಡಿ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಒಂದು ಲೈಟಿನ ಬಟ್ಟಲಿಗೆ ಟೇಪು ಸುತ್ತುತ್ತಿದ್ದ. ಸಣ್ಣಸ್ವಾಮಿ ಹೊಡೆಯುವ ಮುಂಚೆ ಹೆಸರು ಹೇಳಲಿಲ್ಲ, ಕಾರಣ ಹೇಳಲಿಲ್ಲ. ಮೊದಲ ಏಟು ಬಲ ಮಣಿಕಟ್ಟಿಗೆ ಬಿತ್ತು. ರೇಣುಕಪ್ರಸಾದ್ ಏಳಲು ಹೋದಾಗ ಎರಡನೆಯದು ದವಡೆಗೆ. ಮೂರನೆಯದು ಹೆಗಲಿಗೆ. ಸಂತೆಯ ಜನ ಮೆಣಸಿನಕಾಯಿ ಮೂಟೆಗಳ ಹಿಂದೆ ಸರಿದು ನಿಂತರು. ಸಣ್ಣಸ್ವಾಮಿ ಹೊಡೆಯುತ್ತಲೇ, ನಿನ್ನ ಬಣ್ಣಕ್ಕೆ ಒಂದು ಹೆಂಗಸು ಸತ್ತಳು, ನನ್ನನ್ನು ಕೊಲೆಗಾರ ಮಾಡಿದೆ ಎಂದು ಹಲ್ಲಿಲ್ಲದ ಬಾಯಲ್ಲಿ ಅರಚುತ್ತಿದ್ದ. ರೇಣುಕಪ್ರಸಾದನ ದವಡೆ ಕಳಚಿ ಜೋತಾಡುತ್ತಿತ್ತು. ಮಾತು ಹೊರಡಲಿಲ್ಲ. ನೆಲದ ಮೇಲೆ ಬಿದ್ದುಕೊಂಡೇ ಅವನು ಎಡಗೈ ಎತ್ತಿ ರಸ್ತೆಯಾಚೆ ಬೈಕಿನ ಮೇಲೆ ಕೂತಿದ್ದ ಧರ್ಮೇಶನ ಕಡೆಗೆ ಬೆರಳು ತೋರಿಸಿದ. ಮತ್ತೆ ಮತ್ತೆ ತೋರಿಸಿದ. ಅವನು ನೀರು ಕೇಳುತ್ತಿದ್ದಾನೆಂದು ಜನ ತಿಳಿದರು. ಸಣ್ಣಸ್ವಾಮಿಗೆ ಅದು ಅರ್ಥವಾಗಲಿಲ್ಲ, ಆ ಕೈಗೂ ಒಂದು ಏಟು ಹಾಕಿ ಬಂದು ಬೈಕು ಹತ್ತಿದ.

ಮಧ್ಯಾಹ್ನ ಎರಡಕ್ಕೆ ಅವರು ಮನೆ ಸೇರಿದರು. ಉಷಾರಾಣಿ ಹಿತ್ತಿಲಲ್ಲಿ ಸೌದೆ ಜೋಡಿಸುತ್ತಿದ್ದಳು. ಗಂಡನ ಅಂಗಿಯ ಮೇಲಿನ ರಕ್ತ ನೋಡಿ, ಗಾಯದ ಹೊಲಿಗೆ ಬಿಚ್ಚಿಕೊಂಡಿತೇ ಎಂದು ಓಡಿ ಬಂದಳು.

"ನಂದಲ್ಲ," ಎಂದ ಸಣ್ಣಸ್ವಾಮಿ. ಸ್ಪಾನರನ್ನು ಜಗಲಿಯ ಮೇಲೆ ಎಸೆದು ಕಂಬಕ್ಕೆ ಒರಗಿದ. "ಆ ರೇಣುಕಪ್ರಸಾದಂದು. ಬಲ್ಬಿನ ಬಟ್ಟಲಿಗೂ ಕಪ್ಪು ಬಳ್ದಿದ್ದ ನನ್ಮಗ. ಅದಕ್ಕೇ ಆ ಯಮ್ಮ ಸತ್ತಿದ್ದು. ಇನ್ನು ಆ ಕೈಲಿ ಬ್ರಷ್ ಹಿಡಿಯಲ್ಲ ಅವನು."

ಉಷಾರಾಣಿ ತಮ್ಮನ ಮುಖ ನೋಡಿದಳು. ಅವನು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ. ಆ ಗುಂಡನೆಯ ಬಟ್ಟಲಿನ ತಳಕ್ಕೆ ಬ್ರಷ್ಷು ಹೋಗದೆ, ಹತ್ತಿ ಸುತ್ತಿದ ಕಡ್ಡಿಯಲ್ಲಿ ತಾನು ಬಳಿದದ್ದು ಅವಳಿಗೆ ನೆನಪಾಯಿತು.

"ಅವರು ಬಳೀಲಿಲ್ಲ," ಎಂದಳು. "ನಾನು ಬಳಿದದ್ದು. ನೀವು ಅರಕಲಗೂಡಿಗೆ ಹೋದಾಗ. ಇಲ್ಲೇ ಹಿತ್ತಿಲಲ್ಲಿ ಕೂತ್ಕೊಂಡು."

ಸಣ್ಣಸ್ವಾಮಿ ಸರಿಯಾಗಿ ಕೇಳಿಸದವನಂತೆ ಒಳ್ಳೆಯ ಕಿವಿಯನ್ನು ಅವಳ ಕಡೆ ತಿರುಗಿಸಿದ. ಅವಳು ಇನ್ನೊಮ್ಮೆ ಹೇಳಿದಳು.

ಧರ್ಮೇಶ್ ಒಂದು ಹೆಜ್ಜೆ ಮುಂದೆ ಬಂದ. "ಹೂಂ ಭಾವ, ಅಕ್ಕನೇ ಬಳಿದ್ಲು. ಬಟ್ಟಲು ಮುಟ್ಬೇಡ, ಬೆಳಕು ಹೋಯ್ತದೆ ಅಂತ ನಾನು ಹೇಳ್ದೆ. ಕೇಳ್ಲಿಲ್ಲ."

ಸಣ್ಣಸ್ವಾಮಿಯ ಕೈ ಬೀಸಿ ಬಂತು. ಉಷಾರಾಣಿ ಹೊಸ್ತಿಲಿಗೆ ಬಿದ್ದಳು, ತುಟಿ ಒಡೆದು ಬಾಯಿ ತುಂಬ ಉಪ್ಪಾಯಿತು. ಏಟಿನ ನೋವು ಅವಳಿಗೆ ಗೊತ್ತಾಗಲಿಲ್ಲ. ಬಟ್ಟಲು ಮುಟ್ಟಿದರೆ ಬೆಳಕು ಹೋಗುತ್ತದೆ ಎಂಬ ಮಾತು ಅವಳ ಕಿವಿಯಲ್ಲಿ ಕೂತಿತ್ತು. ಆ ಮಾತನ್ನು ಅವನು ಅಂದು ಆಡಿರಲಿಲ್ಲ. ಆದರೆ ಅವನಿಗೆ ಅದು ಗೊತ್ತಿತ್ತು. ಅಂದೂ ಗೊತ್ತಿತ್ತು, ಆಸ್ಪತ್ರೆಯ ಹೊರಗೆ ಅವಳು ಕೇಳಿದಾಗಲೂ ಗೊತ್ತಿತ್ತು, ಈ ಬೆಳಿಗ್ಗೆ ಬೈಕು ಓಡಿಸುವಾಗಲೂ ಗೊತ್ತಿತ್ತು.

"ಧರ್ಮ, ನನ್ ಮುಖ ನೋಡ್ಕಂಡು ಹೇಳು," ಎಂದಳು, ಬಿದ್ದಲ್ಲಿಂದಲೇ. "ಆ ಮಾತು ನಂಗೆ ಹೇಳಿದ್ಯಾ?"

ಅವನು ಬೈಕಿನ ಕಡೆ ತಿರುಗಿದ. ಅಷ್ಟು ಸಾಕಾಯಿತು. ಸಣ್ಣಸ್ವಾಮಿ ಅವನ ಕಾಲರ್ ಹಿಡಿದು ಹಿಂದಕ್ಕೆಳೆದ. ಇಬ್ಬರೂ ಅಂಗಳದ ಮಣ್ಣಿಗೆ ಬಿದ್ದರು. ಸಣ್ಣಸ್ವಾಮಿ ಅವನ ತಲೆಯನ್ನು ಎರಡು ಸಲ ನೆಲಕ್ಕೆ ಬಡಿದ. ಮೂರನೇ ಸಲಕ್ಕೆ ಧರ್ಮೇಶ್ ಮೊಣಕಾಲೆತ್ತಿ ಭಾವನ ಮುರಿದ ಪಕ್ಕೆಗೆ ಗುದ್ದಿದ. ಸಣ್ಣಸ್ವಾಮಿ ಉಸಿರು ಕಟ್ಟಿ ಮಗ್ಗುಲಾದ. ಧರ್ಮೇಶ್ ಮೇಲೆ ಹತ್ತಿ ಅದೇ ಪಕ್ಕೆಗೆ ಇನ್ನೂ ನಾಲ್ಕು ಗುದ್ದು ಹಾಕಿದ. ಆಮೇಲೆ ಎರಡೂ ಕೈಯಿಂದ ಕುತ್ತಿಗೆ ಹಿಡಿದು ಒತ್ತತೊಡಗಿದ. ಇಪ್ಪತ್ತು ವರ್ಷದಿಂದ ಇದಕ್ಕೇ ಕಾದಿದ್ದವನ ಹಾಗೆ, ಅನ್ನ ಹಾಕ್ದೆ ಅಂತ ಆಡ್ತೀಯಾ, ಅನ್ನ ಹಾಕ್ದೆ ಅಂತ ಆಡ್ತೀಯಾ ಎಂದು ಹಲ್ಲು ಕಚ್ಚಿ ಅನ್ನುತ್ತಿದ್ದ. ಸಣ್ಣಸ್ವಾಮಿಯ ಹಿಮ್ಮಡಿಗಳು ಮಣ್ಣು ಕೆದರಿದವು. ಮುಖ ನೀಲಿಯಾಯಿತು.

ಉಷಾರಾಣಿ ಬಿಡಿಸಲು ಅವನ ಕೂದಲು ಹಿಡಿದು ಎಳೆದಳು. ಅವನು ಮೊಣಕೈಯಿಂದ ತಿವಿದು ಅವಳನ್ನು ದೂಡಿದ. ಜಗಲಿಯ ಮೇಲಿದ್ದ ಸ್ಪಾನರು ಅವಳ ಕೈಗೆ ಬಂತು. ಅದಕ್ಕೆ ಆಗಲೇ ರಕ್ತ ಮೆತ್ತಿತ್ತು. ಅವಳು ತಲೆಗೆ ಹೊಡೆಯಲಿಲ್ಲ. ಹಿಂದಕ್ಕೆ ಚಾಚಿದ್ದ ಅವನ ಬಲಗಾಲನ್ನು ನೋಡಿ, ಮಂಡಿಯ ಕೆಳಗೆ, ಎರಡೂ ಕೈಯಿಂದ ಎತ್ತಿ ಹೊಡೆದಳು. ಅವನು ಕುತ್ತಿಗೆ ಬಿಡಲಿಲ್ಲ. ಇನ್ನೊಮ್ಮೆ ಹೊಡೆದಳು. ಹಸಿ ಸೌದೆ ಮುರಿದಂಥ ಸದ್ದು ಬಂತು. ಅವನು ಕೈ ಬಿಟ್ಟು ಹೊರಳಿ, ಅಮ್ಮಾ ಎಂದು ಕೂಗಿದ. ಚಿಕ್ಕವನಿದ್ದಾಗ ಅವಳನ್ನೇ ಅವನು ಹಾಗೆ ಕರೆಯುತ್ತಿದ್ದ.

ಪಕ್ಕದ ಮನೆಯ ರಾಮಮ್ಮ ಬೇಲಿ ದಾಟಿ ಓಡಿ ಬಂದಳು. ಸಿಕ್ಕಿದ ಓಮ್ನಿ ವ್ಯಾನಿನಲ್ಲಿ ಇಬ್ಬರನ್ನೂ ಮಡಿಕೇರಿಯ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಒಬ್ಬನ ತಲೆ ಉಷಾರಾಣಿಯ ತೊಡೆಯ ಮೇಲಿತ್ತು, ಇನ್ನೊಬ್ಬನ ಮುರಿದ ಕಾಲನ್ನು ಅವಳ ಕೈ ಅಲುಗದಂತೆ ಹಿಡಿದಿತ್ತು.

ರೇಣುಕಪ್ರಸಾದನನ್ನೂ ಅಲ್ಲಿಗೇ ತಂದಿದ್ದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಕುಸುಮಾ ಗಂಡನ ರಕ್ತದ ಬನಿಯನ್ನನ್ನು ಕವರಿನಲ್ಲಿ ಹಿಡಿದು ಕೂತಿದ್ದಳು. ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ಉಷಾರಾಣಿ ಅವಳ ಮುಂದೆ ನಿಂತು, ತಾನು ಯಾರೆಂದು ಹೇಳಿದಳು. ಹಿತ್ತಿಲ ಭಾನುವಾರದಿಂದ ಅಂಗಳದ ಜಗಳದವರೆಗೆ ಒಂದೂ ಬಿಡದೆ ಹೇಳಿದಳು. ಕುಸುಮಾ ಎದ್ದು ಕಪಾಳಕ್ಕೆ ಹೊಡೆದರೆ ಹೊಡೆಸಿಕೊಳ್ಳಬೇಕೆಂದು ಕೈ ಕೆಳಗೆ ಬಿಟ್ಟು ನಿಂತಿದ್ದಳು.

ಕುಸುಮಾ ಏಳಲಿಲ್ಲ. "ನಿಮ್ ತಮ್ಮ ಬಂದಾಗ ನಾನು ಅಂಗಡೀಲೇ ಇದ್ದೆ," ಎಂದಳು. "ನಮ್ಮನೆಯವ್ರು ಒಂದು ಲೈಟು ತೋರ್ಸಿ, ಇಲ್ಲಿಗೆ ಟೇಪ್ ಸುತ್ಕೋ, ಇದಕ್ಕೆ ಬಣ್ಣ ತಾಗಿದ್ರೆ ಯಾರದಾದ್ರೂ ಜೀವ ಹೋಗುತ್ತೆ ಅಂತ ಹೇಳಿ ಕಳ್ಸಿದ್ರು. ಟೇಪೂ ಕೊಟ್ಟಿದ್ರು." ಆಮೇಲೆ ಕವರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ಇದನ್ನ ನನಗೆ ಹೇಳಿ ಏನಾಗ್ಬೇಕು? ಪೊಲೀಸಿನವರ ಮುಂದೆ ಹೇಳಿ."

ಸಂಜೆ ಪೊಲೀಸರು ಸಣ್ಣಸ್ವಾಮಿಯನ್ನು ಹುಡುಕಿಕೊಂಡು ಬಂದಾಗ ಉಷಾರಾಣಿ ಹೇಳಿದಳು. ಬಣ್ಣ ಬಳಿದದ್ದನ್ನೂ ಹೇಳಿದಳು, ಕಾಲು ಮುರಿದದ್ದನ್ನೂ ಹೇಳಿದಳು. ಬರೆದುಕೊಂಡ ಹಾಳೆಗಳ ಮೇಲೆಲ್ಲ ಸಹಿ ಹಾಕಿದಳು. ಪಕ್ಕದ ಮಂಚದಿಂದ ಧರ್ಮೇಶ್ ಕೆಟ್ಟ ಕೆಟ್ಟ ಮಾತುಗಳಲ್ಲಿ ಅವಳನ್ನು ಬೈಯುತ್ತಿದ್ದ. ಕಾನ್‌ಸ್ಟೇಬಲೊಬ್ಬ ಗದರಿ ಸುಮ್ಮನಾಗಿಸಬೇಕಾಯಿತು.

ಸಣ್ಣಸ್ವಾಮಿ ಎರಡು ತಿಂಗಳು ಜೈಲಿನಲ್ಲಿದ್ದ. ಅವಳು ನೋಡಲು ಹೋದಾಗ ಅವನು ತಪ್ಪಾಯಿತು ಎನ್ನಲಿಲ್ಲ, ಬೈಯಲೂ ಇಲ್ಲ. "ನಾನು ಮೊದಲ್ನೇ ಸಲ ಆಸ್ಪತ್ರೇಲಿದ್ದಾಗ್ಲೇ ನೀನು ಹೇಳಿದ್ರೆ ಆ ಮನುಷ್ಯನ ಕೈ ಉಳೀತಿತ್ತು," ಎಂದ. ರೇಣುಕಪ್ರಸಾದನ ದವಡೆಗೆ ತಂತಿ ಕಟ್ಟಿದ್ದರು, ಆರು ವಾರ ಗಂಜಿ ನೀರಿನಲ್ಲೇ ಕಳೆದ. ಮಣಿಕಟ್ಟು ಕೂಡಿತಾದರೂ ತಿರುಗುತ್ತಿರಲಿಲ್ಲ. ಅಂಗಡಿಯ ಬಾಗಿಲು ಯುಗಾದಿ ಕಳೆದರೂ ತೆಗೆಯಲಿಲ್ಲ. ಧರ್ಮೇಶ್ ಕಾಲಿಗೆ ರಾಡು ಹಾಕಿಸಿಕೊಂಡು, ಆಸ್ಪತ್ರೆಯಿಂದ ಬಿಟ್ಟ ದಿನವೇ ಗೆಳೆಯನೊಬ್ಬನ ಜೊತೆ ಹುಣಸೂರಿಗೆ ಹೋದ. ಅವನ ಬಟ್ಟೆಗಳನ್ನು ಒಯ್ಯಲು ಬೇರೆ ಯಾರೋ ಬಂದರು. ಉಷಾರಾಣಿ ಮಡಚಿ ಕೊಟ್ಟಳು.

ಮಾರ್ಚ್ ಕೊನೆಯಲ್ಲಿ ಅವಳು ಒಬ್ಬಳೇ ಬಸ್ಸು ಹತ್ತಿ ಮಾದಾಪುರದಲ್ಲಿಳಿದು, ಎಸ್ಟೇಟಿನ ಲೈನ್ ಮನೆಗಳಿಗೆ ನಡೆದಳು. ಮಧ್ಯಾಹ್ನದ ಹೊತ್ತು. ಸುಮಿತ್ರಮ್ಮನ ಮಗಳು ಶ್ವೇತ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಉಷಾರಾಣಿ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ನಿಮ್ಮಮ್ಮನಿಗೆ ಗುದ್ದಿದ ಗಾಡಿಯ ಲೈಟಿಗೆ ಕಪ್ಪು ಬಳಿದವಳು ನಾನು, ನನಗೆ ಗೊತ್ತಿರಲಿಲ್ಲ, ಆದರೆ ಬಳಿದದ್ದು ನಾನೇ ಎಂದಳು.

ಶ್ವೇತ ಸ್ವಲ್ಪ ಹೊತ್ತು ಪಾತ್ರೆ ತಿಕ್ಕುತ್ತಲೇ ಇದ್ದಳು. ಆಮೇಲೆ ಬೂದಿ ಮೆತ್ತಿದ ಒದ್ದೆ ಕೈಯಿಂದಲೇ ಅವಳ ಕೆನ್ನೆಗೆ ಹೊಡೆದಳು. ಇನ್ನೊಂದು ಕೆನ್ನೆಗೂ ಹೊಡೆದಳು. ಸದ್ದಿಗೆ ಪುನೀತ್ ಒಳಗಿನಿಂದ ಬಂದು ತಂಗಿಯ ತೋಳು ಹಿಡಿದುಕೊಂಡ. ಅವನ ಬಲಗೈಯ ಗೆಣ್ಣುಗಳ ಮೇಲೆ ಹರಿದ ಗಾಯ ಬೆಳ್ಳಗೆ ಕಲೆಗಟ್ಟಿತ್ತು. ಶ್ವೇತ ತೋಳು ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

"ನಿಮ್ಮ ಯಜಮಾನ್ರಿಗೆ ಕಿವಿ ಕೇಳ್ತದಾ ಈಗ?" ಎಂದ ಪುನೀತ್.

"ಒಂದು ಕೇಳಲ್ಲ."

ಅವನು ನಲ್ಲಿ ನಿಲ್ಲಿಸಿದ. ತೊಳೆಯದೆ ಉಳಿದ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟ. ಮೂರೂವರೆಗೆ ಈ ರಸ್ತೆಯಲ್ಲೇ ಕೊನೆಯ ಬಸ್ಸು ಬರುತ್ತದೆ, ತಪ್ಪಿದರೆ ಮಾದಾಪುರದವರೆಗೂ ನಡೆಯಬೇಕಾಗುತ್ತದೆ ಎಂದು ಹೇಳಿ, ಅವಳ ಮುಖ ನೋಡದೆ ಒಳಗೆ ಹೋದ. ಉಷಾರಾಣಿ ಸೆರಗಿನಿಂದ ಮುಖ ಒರೆಸಿಕೊಳ್ಳಲಿಲ್ಲ. ಎದ್ದು, ಬಿಸಿಲಿನಲ್ಲಿ ಒಣಹಾಕಿದ್ದ ಕಾಳುಮೆಣಸನ್ನು ತುಳಿಯದಂತೆ ಸುತ್ತಿಕೊಂಡು, ರಸ್ತೆಗೆ ಇಳಿದಳು.